ಮೀಸೆ ಬಂದ ಗೆರೆ

ನನ್ನ ನಾದಿನಿಯ ಕೈ ತೊಡೆಯ ಮೇಲಿದ್ದಾಗ ನಡುಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನೋಡಲು ಬಂದವರೆಲ್ಲ ಅದನ್ನೇ ನೋಡಿ, "ಚೆನ್ನಾಗೇ ಅವ್ಳಲ್ಲ, ಏನಾಗದೆ ಇವ್ಳ್ಗೆ?" ಎಂದು ಕೇಳಿ, ಕಾಫಿ ಕುಡಿದು ಹೋಗುತ್ತಾರೆ. ಸುಮ್ಮನೆ ಕೂತಿದ್ದರೆ ಅದು ಎಲ್ಲರ ಕೈಯಂತೆ ಒಂದು ಕೈ. ಏನನ್ನಾದರೂ ಮುಟ್ಟಲು ಹೊರಟಾಗ ನಡುಕ ಶುರುವಾಗುತ್ತದೆ, ಹತ್ತಿರ ಹೋದಷ್ಟೂ ಹೆಚ್ಚುತ್ತದೆ. ಲೋಟದಿಂದ ಒಂದು ಗೇಣು ದೂರದಲ್ಲಿ ಸಣ್ಣಗೆ ಇರುತ್ತದೆ, ಬೆರಳು ತಾಗುವ ಹೊತ್ತಿಗೆ ಲೋಟ ಉರುಳಿರುತ್ತದೆ. ಮೈಸೂರಿನ ಡಾಕ್ಟರು ಅವಳ ಬೆರಳನ್ನು ಅವಳ ಮೂಗಿಗೂ ತಮ್ಮ ಬೆರಳ ತುದಿಗೂ ಹತ್ತಾರು ಸಲ ಮುಟ್ಟಿಸಿ ನೋಡಿದರು. ತಲೆಯ ಹಿಂಭಾಗದಲ್ಲಿ ಚಿಕ್ಕ ಮೆದುಳು ಅಂತ ಒಂದಿದೆ, ಅದು ಸವೆಯುತ್ತಿದೆ, ನಿಲ್ಲಿಸುವ ಔಷಧಿ ಇಲ್ಲ ಅಂದರು. ಬೇಕಾದ ವಸ್ತು ಇನ್ನೇನು ಸಿಕ್ಕಿತು ಅನ್ನುವಾಗಲೇ ಕೈಕೊಡುವ ಕೈ. ಅಂಥದೊಂದು ಕಾಯಿಲೆ ಇದೆಯೆಂದು ನನಗೆ ಅದುವರೆಗೆ ಗೊತ್ತಿರಲಿಲ್ಲ.

ಅವಳ ಕೆಲಸವೋ, ನೆಟ್ಟಗೆ ಗೆರೆ ಎಳೆಯುವುದು. ಬಸ್ಸಿನ ಪಕ್ಕೆಯ ಉದ್ದ ಪಟ್ಟಿ, ಬೈಕಿನ ನಂಬರು, ಅಂಗಡಿ ಬೋರ್ಡಿನ ಅಂಚು, ಜೀಪಿನ ಗಾಜಿನ ಮೇಲಿನ ದೇವರು, ಇವನ್ನೆಲ್ಲ ಕಂಪ್ಯೂಟರಿನಲ್ಲಿ ಬರೆದು, ಅಂಟುಹಾಳೆಯನ್ನು ಮೆಷಿನ್ನಿಗೆ ಕೊಟ್ಟು ಬ್ಲೇಡಿನಿಂದ ಕತ್ತರಿಸಿ ತೆಗೆಯುವುದು. ಹಾಳೆ ಹೊಳೆಯಲಿ ಬಿಡಲಿ, ನಮ್ಮ ಕಡೆ ಅದಕ್ಕೆ ರೇಡಿಯಂ ಎಂದೇ ಹೆಸರು. ಮೂರು ವರ್ಷ ಯಳಂದೂರಿನಲ್ಲಿ ಸಂಸಾರ ಮಾಡಿದವಳು ಒಂದು ದಿನ ಬೆಳಗಿನ ಬಸ್ಸಿಗೆ ಕೊಳ್ಳೇಗಾಲಕ್ಕೆ ಬಂದು, ನಮ್ಮ ಪಡಸಾಲೆಯಲ್ಲಿ ಚೀಲ ಇಟ್ಟು, "ಇನ್ ಓಗಾಕಿಲ್ಲ" ಅಂದಳು. ಅವಳಣ್ಣ, ಅಂದರೆ ನನ್ನ ಗಂಡ, ಯಾಕೆಂದು ಕೇಳಲಿಲ್ಲ. ನಾನು ಕೇಳಿದೆ, ಅವಳು ಹೇಳಲಿಲ್ಲ. ಆಮೇಲೆ ಬಸ್ ಸ್ಟ್ಯಾಂಡಿನ ಹತ್ತಿರದ ಅಂಗಡಿಯೊಂದರಲ್ಲಿ ಈ ವಿದ್ಯೆ ಕಲಿತಳು. ಅಂಗಡಿಯವರು ಊರು ಬಿಡುವಾಗ ಮೆಷಿನ್ನನ್ನು ನಮ್ಮ ಪಡಸಾಲೆಗೇ ತಂದಿಟ್ಟುಕೊಂಡಳು. ಹದಿನೆಂಟು ವರ್ಷ ಆ ಮೂಲೆ ಅವಳದು.

ಗೋಡೆಯ ಆಚೆಗೆ ನನ್ನ ದೇವರಮನೆ. ನಾನು ಗಂಟೆ ಬಾರಿಸಿದರೆ ಈಚೆಯಿಂದ, "ಅತ್ಗೆ, ನಿಮ್ಮಪ್ಪಂಗೆ ಕಿವಿ ಕೇಳಾಕಿಲ್ವಾ? ಅಷ್ಟ್ ಜೋರಾಗ್ ಬಡೀತಿದ್ದೀಯ" ಅನ್ನುವಳು. ನಿಮ್ಮಪ್ಪ ಅಂದರೆ ಬೆಟ್ಟದ ಮಾದಪ್ಪ. ನಾನು ಹನೂರಿನವಳು, ಬೆಟ್ಟದ ದಾರಿಯಲ್ಲಿ ಹುಟ್ಟಿದವಳು, ಮಾದಪ್ಪನನ್ನು ಮಾತಿಗೊಮ್ಮೆ ಕರೆಯುವವಳು. ಅವಳು ಅವನನ್ನು ನನ್ನ ತವರಿನವರ ಲೆಕ್ಕಕ್ಕೆ ಹಾಕಿಬಿಟ್ಟಿದ್ದಳು. ಜಗಳ ಬಂದರೆ ಅವನೂ ನನ್ನ ಕಡೆಯ ಆಸಾಮಿಯೇ.

ನನ್ನ ತಾಯಿ ನನಗೊಂದು ಅಭ್ಯಾಸ ಕಲಿಸಿದ್ದಳು. ಸಂಜೆ ದೀಪ ಹಚ್ಚಿದ ಮೇಲೆ ಅವತ್ತು ದೇವರು ಕೊಟ್ಟದ್ದನ್ನು ಬೆರಳು ಮಡಿಸಿ ಎಣಿಸಬೇಕು, ಐದಾದರೆ ಸಾಕು. ನಲ್ಲಿಯಲ್ಲಿ ನೀರು ಬಂತು, ಒಂದು. ಹಾಲು ಉಕ್ಕಲಿಲ್ಲ, ಎರಡು. ಯಾವ ದಿನವೂ ಐದಕ್ಕೆ ಕಡಿಮೆಯಾಗಿದ್ದು ನನಗೆ ನೆನಪಿಲ್ಲ. ಕಾಯಿಲೆ ಬಂದ ಮೇಲೂ ಎಣಿಸಿದೆ. ನಾದಿನಿ ಇವತ್ತು ಗೋಡೆ ಹಿಡಿಯದೆ ಬಚ್ಚಲಿಗೆ ಹೋದಳು, ಒಂದು.

ಕಾಯಿಲೆ ಇದ್ದರೂ ಒಂದು ವರ್ಷ ನಮಗೆ ಯಾರಿಗೂ ತಿಳಿಯಲಿಲ್ಲ. ಅದು ಕಂಪ್ಯೂಟರಿನ ಉಪಕಾರ. ಕಾಗದದ ಮೇಲೆ ಗೆರೆ ಎಳೆಯುವಾಗ ಕೈ ಉದ್ದಕ್ಕೂ ನೆಟ್ಟಗಿರಬೇಕು. ಅಲ್ಲಿ ಹಾಗಲ್ಲ. ಪೆನ್ನಿನ ಗುರುತಿರುವ ಬಾಣವನ್ನು ಬೇಕಾದ ಕಡೆ ಒಯ್ದು ಒಂದು ಸಲ ಒತ್ತಿದರೆ ಒಂದು ಚುಕ್ಕಿ. ಇನ್ನೊಂದು ಕಡೆ ಒತ್ತಿದರೆ ಇನ್ನೊಂದು. ನಡುವಿನ ಗೆರೆ ತಾನಾಗಿ ಬರುತ್ತದೆ. "ನಡೂಮಧ್ಯ ಕೈ ಎಲ್ಗಾರ ಓಗ್ಲಿ, ಸಂತೇಗ್ ಓಗಿ ಬರ್ಲಿ, ಗೆರೆಗ್ ಗೊತ್ತಾಗಾಕಿಲ್ಲ ಕಣತ್ಗೆ" ಎಂದು ಅವಳೇ ಹೇಳಿದ್ದಳು. ಅದು ತಮಾಷೆಯ ಮಾತಲ್ಲ ಎಂದು ನನಗೆ ಆಗ ಹೊಳೆಯಲಿಲ್ಲ.

ಆದರೆ ಒತ್ತುವಾಗ ಕೈ ಅಲ್ಲಾಡಕೂಡದು. ಒತ್ತಿ ಹಿಡಿದಿರುವಾಗಲೇ ಒಂದಿಷ್ಟು ಜಾರಿದರೆ, ಎಳೆದೆ ಅಂದುಕೊಂಡು ಕಂಪ್ಯೂಟರು ಗೆರೆಯನ್ನು ಬಗ್ಗಿಸಿಬಿಡುತ್ತದೆ. ಚುಕ್ಕಿಯ ಎರಡೂ ಕಡೆ ಎರಡು ಸಣ್ಣ ಎಳೆ ಚಾಚಿಕೊಳ್ಳುತ್ತವೆ. ಅದಕ್ಕೆ ಅವಳು ಇಟ್ಟ ಹೆಸರು ಮೀಸೆ. ಮೊದಲ ಸಲ ಅದು ಬಂದಾಗ ಅವಳೇ ನನ್ನನ್ನು ಕೂಗಿದ್ದಳು. "ಬಾತ್ಗೆ ಇಲ್ಲಿ, ನನ್ ಗೆರೆಗೆ ಮೀಸೆ ಬಂದದೆ. ನಮ್ಮಣ್ಣಂಗಿಂತ ಚೆನ್ನಾಗದೆ." ಇಬ್ಬರೂ ನಕ್ಕೆವು. ಮರುದಿನ ನಾಲ್ಕಕ್ಕೆ ಎರಡು ಚುಕ್ಕಿಗೆ ಮೀಸೆ. ತಿಂಗಳು ಕಳೆದ ಮೇಲೆ ಅವಳು ಕೂಗಿ ತೋರಿಸುವುದನ್ನು ಬಿಟ್ಟಳು.

ನಾನು ಅವಳ ಪಕ್ಕ ಕೂರಲು ಶುರುಮಾಡಿದ್ದು ಆಗ. ಕೀಲಿಮಣೆಯಲ್ಲಿ ಶಿಫ್ಟ್ ಎಂಬ ಕೀಲಿ ಇದೆ, ಅದನ್ನು ಹಿಡಿದುಕೊಂಡು ಚುಕ್ಕಿ ಇಟ್ಟರೆ ಗೆರೆ ಒಂದು ಕೂದಲೆಳೆಯೂ ವಾಲುವುದಿಲ್ಲ. ಅವಳ ಎಡಗೈಯೂ ನಿಲ್ಲುತ್ತಿರಲಿಲ್ಲವಾದ್ದರಿಂದ ಆ ಕೆಲಸ ನನ್ನದಾಯಿತು. "ಶಿಫ್ಟ್ ನೋಡ್ಕತ್ಗೆ" ಅಂದಾಗ ನಾನು ಗೋಡೆ ಗಡಿಯಾರ ನೋಡಿದೆ. ನನ್ನ ಗಂಡ ರೇಷ್ಮೆ ನೂಲಿನ ಕಾರ್ಖಾನೆಯಲ್ಲಿರುವುದು, ಮನೆಯಲ್ಲಿ ಶಿಫ್ಟು ಅಂದರೆ ಅವರ ಊಟದ ಹೊತ್ತು.

"ಅದಲ್ಲ ಕಣತ್ಗೆ, ಈ ಕೀ! ಓಲ್ಡ್ ಮಾಡು, ಓಲ್ಡ್."

"ನಾನಾಗ್ಲೇ ಓಲ್ಡಾಗಿವ್ನಿ, ಇನ್ನೇನ್ ಮಾಡ್ಲಿ?"

"ಅಯ್ಯೋ ನಿನ್ನ. ಒತ್ಕಂಡ್ ಕುಂತ್ಕ ಅಂತ."

ಒತ್ತಿಕೊಂಡು ಕೂತೆ. ಆರು ತಿಂಗಳು ಹಾಗೆ ಒಂದು ಗೆರೆಯನ್ನು ಇಬ್ಬರು ಎಳೆದೆವು. ಹೆಸರುಬೇಳೆ ಕ್ಲೀನು ಮಾಡುತ್ತ ಬಲಗೈಯಲ್ಲಿ ಮೊರ, ಎಡಗೈಯಲ್ಲಿ ಶಿಫ್ಟು. ಮೀಸೆ ಬೋಳಿಸುವುದನ್ನೂ ಅವಳೇ ತೋರಿಸಿಕೊಟ್ಟಳು. ಬೇರೊಂದು ಬಾಣ ತೆಗೆದುಕೊಂಡು ಚುಕ್ಕಿಯ ಮೇಲೆ ಒಂದೇ ಸಲ ಒತ್ತಿದರೆ ಮೀಸೆ ಮಾಯವಾಗಿ ಮೂಲೆ ಮತ್ತೆ ಚೂಪಾಗುತ್ತದೆ. ಅವಳು ಬೋಳಿಸಲು ಹೋದರೆ ಚುಕ್ಕಿಯೇ ಜಾಗ ಬಿಟ್ಟು ಓಡುತ್ತಿತ್ತು. "ನಾನ್ ಮಾಡ್ಲಾ?" ಎಂದು ಒಂದು ಸಲ ಕೇಳಿದೆ. ಅವಳು ತಿರುಗಿ ನೋಡಿದ ರೀತಿಗೆ ಮತ್ತೆ ಕೇಳಲಿಲ್ಲ. ಚುಕ್ಕಿ ಅವಳೇ ಇಡಬೇಕು. ಚುಕ್ಕಿ ಇಡುವವರೆಗೂ ಅವಳು ಈ ಮನೆಯಲ್ಲಿ ರೇಡಿಯಂ ಕೆಲಸದವಳು. ಬಿಟ್ಟ ದಿನ ಅಣ್ಣನ ಮನೆಯಲ್ಲಿ ಬಿದ್ದುಕೊಂಡಿರುವ ತಂಗಿ. ಇದನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ, ನನಗೂ ಹೇಳಿಸಿಕೊಳ್ಳಬೇಕಾಗಿರಲಿಲ್ಲ.

ಕಣ್ಣೂ ಅಲುಗಲು ಶುರುವಾಗಿತ್ತು. ಪರದೆಯ ಮೇಲೆ ಗೆರೆ ನೆಟ್ಟಗಿದೆಯೋ ಇಲ್ಲವೋ ಅವಳಿಗೆ ನಿಕ್ಕಿಯಾಗುತ್ತಿರಲಿಲ್ಲ. ಅದಕ್ಕೇ ಕತ್ತರಿಸಿ ಬಂದ ಹಾಳೆಯ ಅಂಚಿಗೆ ಸ್ಟೀಲ್ ಸ್ಕೇಲು ಒತ್ತಿ, ಬಾಗಿಲ ಬೆಳಕಿಗೆ ಎತ್ತಿ ಹಿಡಿಯುವಳು. ಸ್ಕೇಲಿಗೂ ಅಂಚಿಗೂ ನಡುವೆ ಬೆಳಕು ತೂರಿದರೆ ಗೆರೆ ಸೊಟ್ಟ. "ಪರದೆ ಸುಳ್ ಯೋಳ್ತದೆ, ಕಣ್ ಸುಳ್ ಯೋಳ್ತದೆ, ಸ್ಕೇಲ್ ಯೋಳಾಕಿಲ್ಲ" ಅನ್ನುವಳು. ದಿನದಿನಕ್ಕೆ ಬೆಳಕು ಅಗಲವಾಗುತ್ತ ಬಂತು.

ನಾನು ಮಾದಪ್ಪನಿಗೆ ಹರಕೆ ಹೊತ್ತೆ. ಐದು ಸೋಮವಾರ ದೀಪ ಹಚ್ಚುವವರೆಗೆ ಉಪವಾಸ, ಅವಳ ಕೈ ನಿಂತರೆ ಹನೂರಿನಿಂದ ಬೆಟ್ಟಕ್ಕೆ ನಡಿಗೆ. ಅವಳನ್ನೂ ಒಪ್ಪಿಸಿ ಬಸ್ಸಿನಲ್ಲಿ ಬೆಟ್ಟಕ್ಕೆ ಕರೆದುಕೊಂಡು ಹೋದೆ. ತಾಳುಬೆಟ್ಟ ದಾಟಿ ತಿರುವುಗಳು ಶುರುವಾದಾಗ ಕಂಬಿ ಹಿಡಿದುಕೊಂಡು, "ಈ ರೋಡ್ ಎಳ್ದೋನ್ ಕೈಯೂ ನನ್ ಕೈ ಥರಾನೇ ಇತ್ತು ಅಂತ ಕಾಣ್ತದೆ, ಬರೀ ಮೀಸೆ" ಅಂದಳು. ಹಿಂದಿನ ಸೀಟಿನವರು ನಕ್ಕರು, ಏನು ಮೀಸೆ ಎಂದು ತಿಳಿಯದೆಯೇ. ಗುಡಿಯಲ್ಲಿ ಮಾತ್ರ ಅವಳು ತುಂಬ ಹೊತ್ತು ಕೈ ಮುಗಿದು ನಿಂತಿದ್ದಳು. ಮುಗಿದ ಕೈ ನಡುಗುತ್ತಿರಲಿಲ್ಲ. ಒಂದನ್ನೊಂದು ಹಿಡಿದುಕೊಂಡಿದ್ದವಲ್ಲ.

ಬೆಟ್ಟದಿಂದ ಬಂದ ಮೇಲೆ ಅವಳು ಶಿಫ್ಟ್ ಹಿಡಿಯಲು ನನ್ನನ್ನು ಕರೆಯಲಿಲ್ಲ. ನಾಲ್ಕನೆಯ ದಿನ ಒಂದು ಬೋರ್ಡಿನ ಅಂಚಿನ ಪಟ್ಟಿಯನ್ನು ಒಬ್ಬಳೇ ಬರೆದು, ಮಧ್ಯಾಹ್ನದ ಮಾತ್ರೆ ನುಂಗಿ ಮಲಗಿದಳು. ಆ ಮಾತ್ರೆ ಒಂದು ಗಂಟೆ ನಿದ್ದೆ ತರಿಸುತ್ತದೆ. ನಾನು ಪರದೆ ನೋಡಿದೆ. ನಾಲ್ಕು ಮೂಲೆಗೂ ಮೀಸೆ. ಸಂಜೆ ಅವಳು ಸ್ಕೇಲಿಟ್ಟು ಬೆಳಕಿಗೆ ಹಿಡಿದಾಗ ಮುಖ ಹೇಗಾಗುತ್ತದೆ ಎಂದು ನನಗೆ ಗೊತ್ತಿತ್ತು. ಕೂತು ನಾಲ್ಕನ್ನೂ ಬೋಳಿಸಿದೆ. ಎರಡು ನಿಮಿಷ ಹಿಡಿಯಲಿಲ್ಲ. ಅದೇ ಹೆಸರಿನಲ್ಲಿ ಸೇವ್ ಮಾಡಿ ಪಾತ್ರೆ ತೊಳೆಯಲು ಎದ್ದುಹೋದೆ.

ಸಂಜೆ ಕೂಗು ಬಂತು. "ಅತ್ಗೆ, ಬಾ ಇಲ್ಲಿ. ಬಾ ಅಂದ್ರೆ."

ಸ್ಕೇಲಿಗೂ ಹಾಳೆಗೂ ನಡುವೆ ಬೆಳಕಿರಲಿಲ್ಲ. "ಕೇಳುಸ್ಕಂಡ್ಬುಟ್ಟ ಕಣತ್ಗೆ. ನಮ್ಮಪ್ಪ ಕೇಳುಸ್ಕಂಡ್ಬುಟ್ಟ."

ನಿಮ್ಮಪ್ಪ ಹೋಗಿ ನಮ್ಮಪ್ಪ ಆಗಿದ್ದ. ಹದಿನೆಂಟು ವರ್ಷ ನಾನು ಬಯಸಿದ ಮಾತು ಅದು. ಆಗಲೇ ಬಾಯಿಬಿಡಬೇಕಿತ್ತು. ಬಿಡಲಿಲ್ಲ. ಅವತ್ತು ದೀಪದ ಮುಂದೆ ಐದನ್ನೂ ಮಡಿಸಿ, ಇನ್ನೊಂದು ಕೈಯ ಹೆಬ್ಬೆರಳನ್ನೂ ಮಡಿಸಿದೆ.

ಮರುದಿನ ಮತ್ತೆ ಬೋಳಿಸಿದೆ. ಅದರ ಮರುದಿನವೂ. ಇಪ್ಪತ್ತೆರಡು ದಿನ. ಅವಳು ಮಲಗುವುದನ್ನೇ ಕಾಯುವ ಕಳ್ಳಿಯಾದೆ. ಅವಳು ಬೀದಿಯವರಿಗೆಲ್ಲ ಹೇಳಿಕೊಂಡು ಬಂದಳು. ನನಗಿಂತ ಮೊದಲೇ ಎದ್ದು ದೇವರಮನೆಯಲ್ಲಿ ಕೂರತೊಡಗಿದಳು. ಬತ್ತಿಗೆ ಎಣ್ಣೆ ಹಾಕಲು ಹೋಗಿ ನೆಲಕ್ಕೆಲ್ಲ ಚೆಲ್ಲಿ, "ಮೊದ್ಲು ಗೆರೆ ಸರಿಯಾಯ್ತು, ಆಮೇಲ್ ಲೋಟ ಸರಿಯಾಯ್ತದೆ, ಆಮೇಲ್ ಎಣ್ಣೆ. ದೇವ್ರು ಒಂದೊಂದಾಗ್ ಮಾಡ್ತನೆ ಬುಡು" ಎಂದು ನನಗೇ ಸಮಾಧಾನ ಹೇಳಿದಳು. ನಾನು ಎಣ್ಣೆ ಒರೆಸಿದೆ. ಪೂಜೆಯಾದ ಮೇಲೆ ಅವಳ ಹಣೆಗೆ ವಿಭೂತಿ ಹಚ್ಚುತ್ತಿದ್ದುದೂ ನಾನೇ. ಮೂರು ಬೆರಳಿಟ್ಟು ಎಡದಿಂದ ಬಲಕ್ಕೆ ಎಳೆಯುವಾಗ ಅವಳು ಕಣ್ಣು ಮುಚ್ಚಿಕೊಳ್ಳುವಳು. ಆ ಮುಚ್ಚಿದ ಕಣ್ಣನ್ನು ನೋಡಲು ನನಗೆ ಆಗುತ್ತಿರಲಿಲ್ಲ.

ಹನೂರಿನಿಂದ ಬೆಟ್ಟಕ್ಕೆ ಜನರನ್ನು ಸಾಗಿಸುವ ಜೀಪಿನವನೊಬ್ಬ ಬಂದ. ನನ್ನ ತವರಿನ ಬೀದಿಯವನು, ನನ್ನನ್ನು ಅಕ್ಕ ಅನ್ನುವವನು. ಜೀಪಿನ ಮುಂದಿನ ಗಾಜಿನ ನೆತ್ತಿಗೆ ಅಷ್ಟಗಲ ವಿಭೂತಿ ಬೇಕಂತೆ, ಬಿಳೀ ರೇಡಿಯಂನಲ್ಲಿ ಮೂರು ಪಟ್ಟೆ. "ನಾಳೆ ಸಂಜೆ ಬಾ. ನಿನ್ ಮುಂದೇನೆ ಕತ್ರುಸ್ ಕೊಡ್ತೀನಿ" ಅಂದಳು ನಾದಿನಿ. ಕೈ ನೆಟ್ಟಗಾಗಿದ್ದನ್ನು ಬೆಟ್ಟದ ದಾರಿಯವರು ನೋಡಲಿ ಎಂದು ಅವಳ ಆಸೆ.

ಮಾರನೆಯ ದಿನ ಅವಳು ಮಲಗಿದ ಮೇಲೆ ನೋಡಿದೆ. ಬೋಳಿಸಿ ಸರಿಮಾಡುವ ಹಾಗಿರಲಿಲ್ಲ. ಚುಕ್ಕಿಗಳು ಒಂದರ ಮೇಲೊಂದು ಬಿದ್ದಿದ್ದವು. ಒಂದು ಪಟ್ಟೆ ಇನ್ನೊಂದರೊಳಗೆ ನುಗ್ಗಿತ್ತು. ಅವಳ ಕೈ ಎಷ್ಟು ಕೆಟ್ಟಿದೆ ಎಂದು ನಾನು ಪೂರ್ತಿ ನೋಡಿದ್ದು ಅವತ್ತೇ. ಇಪ್ಪತ್ತೆರಡು ದಿನ ಒರೆಸಿ ಒರೆಸಿ ನನ್ನಿಂದಲೂ ಬಚ್ಚಿಟ್ಟಿದ್ದೆ. ಮೂರನ್ನೂ ಅಳಿಸಿದೆ. ಹೊಸದಾಗಿ ನಾನೇ ಎಳೆಯೋಣ ಅಂದುಕೊಂಡೆ.

ಅವಳು ಒಂದೊಂದು ಪಟ್ಟೆಗೂ ನಾಲ್ಕು ಮೂಲೆ ಇಟ್ಟು, ಸುತ್ತು ಬಂದು, ಹೊರಟ ಚುಕ್ಕಿಗೇ ಸೇರಿಸಿ ಮುಚ್ಚುತ್ತಿದ್ದಳು. ಎರಡು ಚುಕ್ಕಿಯಲ್ಲಿ ಮುಗಿಯುವ ಗೆರೆಗೆ ನಾಲ್ಕು ಯಾಕೆ ಎಂದು ನನಗೆ ಯಾವಾಗಲೂ ಅನ್ನಿಸುತ್ತಿತ್ತು. ಅಡುಗೆಮನೆಯವಳ ಬುದ್ಧಿ, ಎರಡು ಸೌದೆಗೆ ಆಗುವ ಕೆಲಸಕ್ಕೆ ನಾಲ್ಕು ಇಡುವುದಿಲ್ಲ. ಶಿಫ್ಟ್ ಹಿಡಿದು ಎರಡೆರಡು ಚುಕ್ಕಿ ಇಟ್ಟೆ. ದಪ್ಪ ಎಷ್ಟು ಎಂದು ಕೇಳುವ ಸಣ್ಣ ಪೆಟ್ಟಿಗೆಯಲ್ಲಿ ಅಂಕಿ ಹೆಚ್ಚಿಸಿದೆ. ಮೂರು ದಪ್ಪ ಗೆರೆ ಪರದೆಯ ತುಂಬ ಹರಡಿದವು. ಎಷ್ಟು ಚೆನ್ನಾಗಿತ್ತೆಂದರೆ ಕೈ ಮುಗಿಯಬೇಕು ಅನ್ನಿಸಿತು. ಮುಗಿದೆನೂ ಸಹ.

ಸಂಜೆ ಜೀಪಿನವನು ಬಂದು ಕುರ್ಚಿಯಲ್ಲಿ ಕೂತ. ನಾದಿನಿ ಬಿಳೀ ಹಾಳೆ ಹಾಕಿಸಿ ಕಟಿಂಗಿಗೆ ಕೊಟ್ಟಳು. ಬ್ಲೇಡು ಸರ್ ಎಂದು ಆಚೆಗೆ ಹೋಯಿತು, ಎದ್ದು ಬಂತು, ಮತ್ತೆ ಹೋಯಿತು. ಮೂರು ಸಲ. ಆಮೇಲೆ ನಿಂತುಬಿಟ್ಟಿತು.

"ಇಷ್ಟ್ ಬಿರ್ನೆ ಆಗೋಯ್ತಾ? ಅಕ್ಕನ್ ಕೈನಲ್ಲಿ ಮಾದಪ್ಪನೇ ಕುಂತವ್ನೆ ಬುಡಿ" ಅಂದ ಜೀಪಿನವನು, ನಾದಿನಿಯ ಕಡೆ ನೋಡಿ.

ಅವಳು ಹಾಳೆ ತೆಗೆದು ನೋಡಿದಳು. ಪಟ್ಟೆ ಇರಲಿಲ್ಲ. ಬಿಳೀ ಹಾಳೆಯಲ್ಲಿ ಬ್ಲೇಡು ಗೀರಿದ ಮೂರು ಸೀಳು, ಅಷ್ಟೇ. ನಾನು ಗೆರೆಗೆ ಕೊಟ್ಟ ದಪ್ಪವು ಪರದೆಯ ಮೇಲೆ ಕಾಣುವುದಕ್ಕೆ ಮಾತ್ರವಂತೆ. ಬ್ಲೇಡಿಗೆ ದಪ್ಪ ಗೊತ್ತಿಲ್ಲ, ಅದು ಗೆರೆಯ ನಡುಮಧ್ಯ ಒಂದೇ ಸಲ ಹಾದುಹೋಗುತ್ತದೆ. ಅಂಚು ಇದ್ದರೆ ಮಾತ್ರ ಸುತ್ತು ಬರುತ್ತದೆ. ಅದಕ್ಕೇ ಅವಳು ನಾಲ್ಕು ಮೂಲೆ ಇಡುತ್ತಿದ್ದುದು. ಕಿತ್ತು ತೆಗೆಯಲು ಹಾಳೆಯಲ್ಲಿ ಏನೂ ಇರಲಿಲ್ಲ.

ಅವಳು ಹಾಳೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ನನ್ನ ಕಡೆ ನೋಡಲಿಲ್ಲ.

"ಹದಿನೆಂಟೊರ್ಸದಲ್ಲಿ ನಾನು ಮೈ ಇಲ್ದಿರೋ ಗೆರೆನ ಒಂದ್ ಸಲಾನೂ ಮೆಷಿನ್ಗೆ ಕಳ್ಸಿಲ್ಲ. ಇದು ನನ್ ಕೈಯಲ್ಲ" ಅಂದಳು. ಮಾತು ಆಗಲೇ ತೊದಲುತ್ತಿತ್ತು, ಆದರೆ ಅವತ್ತು ಒಂದೊಂದು ಅಕ್ಷರವೂ ಸ್ಪಷ್ಟ.

ಜೀಪಿನವನಿಗೆ ಏನು ತಿಳಿಯಿತೋ, "ಓಗ್ಲಿ ಬುಡಿಯಕ್ಕ, ನಾನ್ ಕೈನಲ್ಲೇ ಈಬೂತಿ ಬಳ್ಕತೀನಿ, ಮಳೆ ಬಂದ್ರೆ ಇನ್ನೊಂದ್ ಸಲ" ಎಂದು ಎದ್ದು ಹೋದ. ಒಳ್ಳೆಯವನು. ಜೀಪು ತಿರುವು ದಾಟಿದ ಮೇಲೆ ಅವಳು ಕೇಳಿದಳು.

"ಎಷ್ಟ್ ದಿವ್ಸದಿಂದ?"

ಸುಳ್ಳು ಹೇಳುವುದಿದ್ದರೆ ಅದೇ ಹೊತ್ತು. ಇವತ್ತೊಂದು ದಿನ ಅನ್ನಬಹುದಿತ್ತು. "ಬೆಟ್ಟದಿಂದ ಬಂದ್ ನಾಕ್ನೇ ದಿನದಿಂದ ಕಣಮ್ಮಿ" ಅಂದೆ.

"ಎಲ್ಲಾನೂವೆ?"

"ಎಲ್ಲಾನೂ."

"ನಾನ್ ಎಳ್ದಿದ್ದು ಒಂದಾದ್ರೂ ಅದಾ ಅದ್ರಲ್ಲಿ?"

ಇರಲಿಲ್ಲ. ಪ್ರತಿ ಸಲ ಅದೇ ಹೆಸರಿನಲ್ಲಿ, ಅದರ ಮೇಲೇ ಸೇವ್ ಮಾಡಿದ್ದೆ. ಅವಳ ಕೈ ಬರೆದ ಕೊನೆಯ ಇಪ್ಪತ್ತೆರಡು ದಿನದ ಗೆರೆಗಳಲ್ಲಿ ಒಂದೂ ಉಳಿದಿರಲಿಲ್ಲ. ಸೊಟ್ಟ ಇರಲಿ, ಮೀಸೆ ಇರಲಿ, ಅವು ಅವಳವಾಗಿದ್ದವು. ನಾನು ಇಲ್ಲವೆಂದು ತಲೆಯಾಡಿಸಿದೆ.

"ಬೈಕೊಂಡಿದ್ರೂ ಪರ್ವಾಗಿರ್ಲಿಲ್ಲ ಕಣತ್ಗೆ. ಅಳ್ಸ್‌ಬುಟ್ಟಲ್ಲ ನನ್ನ" ಅಂದಳು. ಆಮೇಲೆ ನಗುವ ಹಾಗೆ, "ನಿಮ್ಮಪ್ಪ ಏನೂ ಮಾಡ್ಲಿಲ್ಲ ಅನ್ನು. ಎಲ್ಲಾ ನೀನೇ."

ಆ ಮಾತು ನನ್ನೊಳಗೆ ಇನ್ನೂ ಹಾಗೇ ಇದೆ. ದೇವರ ಕೆಲಸವನ್ನು ನಾನು ಕದ್ದು ಮಾಡಿದೆ, ಕೆಟ್ಟದಾಗಿ ಮಾಡಿದೆ, ಕೆಟ್ಟ ಹೆಸರು ಅವನಿಗೆ ತಂದೆ. ಐದನೆಯ ಸೋಮವಾರ ಇನ್ನೂ ಬಾಕಿ ಇತ್ತು. ಉಪವಾಸ ಕೂತೆ. ಏನೆಂದು ಬೇಡಿಕೊಳ್ಳಬೇಕೋ ತಿಳಿಯದೆ, ಬೇಡದೆಯೇ ದೀಪ ಹಚ್ಚಿದೆ. ಬೆರಳು ಮಡಿಸಲು ಹೋದೆ. ಎರಡಕ್ಕೆ ನಿಂತಿತು.

ಅವಳು ಮತ್ತೆ ಮೆಷಿನ್ನಿನ ಮುಂದೆ ಕೂರಲಿಲ್ಲ. ಕೇಳಿಕೊಂಡು ಬಂದವರಿಗೆ, "ಇಲ್ಲಿ ಮಾಡಾಕಿಲ್ಲ, ಮುಂದ್ಕೋಗಿ" ಅಂದುಬಿಡುವಳು. ಒಂದು ದಿನ ನನ್ನ ಹಳೇ ಸೀರೆ ಕೇಳಿ ತೆಗೆದುಕೊಂಡು, ಮೆಷಿನ್ನಿಗೆ ಹೊದಿಸಲು ಹತ್ತು ನಿಮಿಷ ಹೆಣಗಿದಳು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ, ಸಹಾಯಕ್ಕೆ ಹೋಗಲಿಲ್ಲ. ಸೀರೆ ಒಂದು ಕಡೆ ಜೋತುಬಿದ್ದಿದೆ, ಈಗಲೂ ಹಾಗೇ ಇದೆ. ಕಾಯಿಲೆ ನಿಂತಿಲ್ಲ. ಅನ್ನ ನುಂಗುವಾಗ ಕೆಮ್ಮು ಬರುತ್ತದೆ. ಮುಂದೆ ಏನೆಂದು ಡಾಕ್ಟರು ಹೇಳಿದ್ದಾರೆ, ನಾನು ಇಲ್ಲಿ ಬರೆಯುವುದಿಲ್ಲ.

ಗಂಟೆ ಬಾರಿಸಿದರೆ ಗೋಡೆಯ ಈಚೆಯಿಂದ ಯಾರೂ ಏನೂ ಅನ್ನುವುದಿಲ್ಲ. ಅನ್ನಲಿ ಎಂದು ಒಮ್ಮೊಮ್ಮೆ ಜೋರಾಗಿಯೇ ಬಾರಿಸುತ್ತೇನೆ.

ವಿಭೂತಿಯನ್ನು ನನ್ನ ಕೈಯಿಂದ ಹಚ್ಚಿಸಿಕೊಳ್ಳುವುದನ್ನೂ ಬಿಟ್ಟಳು. ಪೂಜೆಯಾದ ಮೇಲೆ ನಾನು ಗಟ್ಟಿಯನ್ನು ತೇದು ಬಟ್ಟಲನ್ನು ಅವಳ ಪಕ್ಕ ಇಟ್ಟು ಬರುತ್ತೇನೆ. ಇಟ್ಟುಕೊಳ್ಳಲಿ ಬಿಡಲಿ. ಎಷ್ಟೋ ದಿನ ಬಟ್ಟಲು ಮುಟ್ಟದೆ ಒಣಗಿತು.

ನಿನ್ನೆ ಬಟ್ಟಲು ಇಟ್ಟು ತಿರುಗಿದಾಗ ಅವಳು ಮೂರು ಬೆರಳು ಅದ್ದಿದಳು. ಕೈ ಮೇಲೆದ್ದಿತು. ಎದೆಯ ಹತ್ತಿರ ಸರಿಯಾಗೇ ಇತ್ತು, ಗಲ್ಲ ದಾಟಿದ ಮೇಲೆ ಶುರುವಾಯಿತು. ಹಣೆಗೆ ತಾಗುವಾಗ ಬೆರಳು ಕುಣಿಯುತ್ತಿದ್ದವು. ಒಂದು ಪಟ್ಟೆ ಹುಬ್ಬಿಗೆ ಇಳಿಯಿತು, ಇನ್ನೊಂದು ಕೂದಲಿಗೆ ಹತ್ತಿತು, ಮೂರನೆಯದು ಎಲ್ಲಿ ಶುರುವಾಗಿ ಎಲ್ಲಿ ಮುಗಿಯಿತೋ. ಕಣ್ಣಿನ ಮೇಲೆಲ್ಲ ಬೂದಿ. ನನ್ನ ಸೆರಗು ಕೈಗೆ ಬಂದಿತ್ತು, ಒರೆಸಲು. ಬಿಟ್ಟೆ.

ಅವಳು ನನ್ನನ್ನೇ ನೋಡುತ್ತಿದ್ದಳು. "ನೆಟ್ಗದಾ ಅತ್ಗೆ?" ಅಂದಳು.

"ಇಲ್ಲ ಕಣಮ್ಮಿ" ಅಂದೆ. "ಸೊಟ್ಟಗದೆ. ಮೂರೂ."

"ಊಂ" ಅಂದಳು. ಕೈಯನ್ನು ನಿಧಾನಕ್ಕೆ ಇಳಿಸಿ ತೊಡೆಯ ಮೇಲೆ ಇಟ್ಟುಕೊಂಡಳು. ಅಲ್ಲಿ ಅದು ನಡುಗಲಿಲ್ಲ.